ವಲಸೆಯ ಲೆಕ್ಕದಲ್ಲಿ ಮಣೆ ಯಾರಿಗೆ?



ವಲಸೆ ನೀತಿ ಕೆಲವು ಬಗೆಯ ಅರ್ಜಿದಾರರಿಗೆ ಮಣೆ ಹಾಕಬೇಕೇ ಎಂಬ ವಿಷಯ ಕೊಟ್ಟಾಗ, ಇದಕ್ಕೆ ವಕೀಲರನ್ನೋ ಮೈಗ್ರೇಶನ್ ಏಜೆಂಟರನ್ನೋ ಕರೆಯಬಹುದಿತ್ತಲ್ಲ ಎಂದೆ. ‘ಲೆಕ್ಕ ಗೊತ್ತಿರೋರು ಬೇಕು ಸಾರ್’ ಎಂದರು ಸಂಚಾಲಕರು. ಹಾಗಾಗಿ ಚಾರ್ಟರ್ಡ್ ಅಕೌಂಟೆಂಟ್ ಆಗಿ ಲೆಕ್ಕದ ಕಡೆಯಿಂದಲೇ ಬರುತ್ತೇನೆ. ನಾವು ಬದುಕುತ್ತಿರುವ ಆಸ್ಟ್ರೇಲಿಯಾದ ಮಾತನ್ನಷ್ಟೇ ಆಡುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ, ಮಣೆ ಹಾಕುವುದು ತಪ್ಪಲ್ಲ. 2024–25ರಲ್ಲಿ ಕಾಯಂ ವಲಸೆಗೆ ಈ ದೇಶ ಇಟ್ಟಿದ್ದ ಜಾಗ 1,85,000. ಅದರಲ್ಲಿ 1,32,200 ಕೌಶಲದ ವೀಸಾಗಳಿಗೆ. ಮದುವೆ ಮನೆಯಲ್ಲಿ ಪಂಕ್ತಿಗೆ ಐವತ್ತೇ ಎಲೆ ಹಾಕಿ, ಬಾಗಿಲಲ್ಲಿ ಇನ್ನೂರು ಜನ ನಿಂತಿದ್ದರೆ ಯಾರಾದರೂ ಒಬ್ಬರು ‘ಇವರು ಮೊದಲು ಕೂರಲಿ’ ಎನ್ನಲೇಬೇಕು. ಪ್ರಶ್ನೆ ಇರುವುದು ಯಾವ ಅಳತೆಗೋಲು ಹಿಡಿದು ಹಾಗೆ ಹೇಳುತ್ತಾರೆ ಎಂಬುದರಲ್ಲಿ.

ಇಲ್ಲಿ ಹಿಂದೆ ಇದ್ದ ಅಳತೆಗೋಲು ನಮಗೆ ನೆನಪಿರಬೇಕು. 1901ರ ವಲಸೆ ನಿರ್ಬಂಧ ಕಾಯ್ದೆಯಲ್ಲಿ ಒಂದು ಉಕ್ತಲೇಖನ ಪರೀಕ್ಷೆ ಇತ್ತು. ಅಧಿಕಾರಿ ಯುರೋಪಿನ ಒಂದು ಭಾಷೆಯಲ್ಲಿ 50 ಪದಗಳಷ್ಟು ಓದಿ ಹೇಳುವುದು, ಬಂದವನು ಬರೆಯುವುದು. ಯಾವ ಭಾಷೆ ಎಂಬುದು ಅಧಿಕಾರಿಯ ಇಷ್ಟ. ಬೇಡದವನು ಫೇಲಾಗಲೆಂದೇ ಮಾಡಿದ ಪರೀಕ್ಷೆ ಅದು. 1934ರಲ್ಲಿ ಹಲವು ಭಾಷೆ ಬಲ್ಲ ಪತ್ರಕರ್ತ ಎಗಾನ್ ಕಿಶ್ ಅವರನ್ನು ತಡೆಯಲು ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ ಬರೆಯಲು ಹೇಳಿದರು. ಪ್ರಕರಣ ಹೈಕೋರ್ಟ್ ಹತ್ತಿತು. ಪರೀಕ್ಷೆ ರದ್ದಾಗಿದ್ದು 1958ರಲ್ಲಿ. ಬಣ್ಣ ನೋಡಿ ಆರಿಸುವ ನೀತಿ ಪೂರ್ತಿ ತೊಲಗಿದ್ದು 1973ರಲ್ಲಿ. ಈಗ ಅದೇ ದೇಶ ನಾಟಿ ಸಂಸ್ಥೆಯ ಪರೀಕ್ಷೆಯನ್ನು (ಕೋಳಿಯ ನಾಟಿಯಲ್ಲ, ಅನುವಾದಕರಿಗೆ ಮಾನ್ಯತೆ ಕೊಡುವ ಸಂಸ್ಥೆ) ಕನ್ನಡದಲ್ಲಿ ಪಾಸು ಮಾಡಿದರೆ 5 ಅಂಕ ಕೊಡುತ್ತದೆ. ಆದ್ದರಿಂದ ಅಂಕ ಪದ್ಧತಿಯನ್ನು ಸಾರಾಸಗಟಾಗಿ ಹಳಿಯುವವನು ನಾನಲ್ಲ. ಮೈಬಣ್ಣ ನೋಡುವುದಕ್ಕಿಂತ ಮಾರ್ಕ್ಸ್‌ಕಾರ್ಡ್ ನೋಡುವುದು ಎಷ್ಟೋ ಪಾಲು ಮೇಲು.

ಆದರೆ ಆ ಮಾರ್ಕ್ಸ್‌ಕಾರ್ಡನ್ನು ಸ್ವಲ್ಪ ಆಡಿಟ್ ಮಾಡೋಣ. 189 ವೀಸಾ ತೆಗೆದುಕೊಳ್ಳಿ. 25ರಿಂದ 32ರ ವಯಸ್ಸಿಗೆ 30 ಅಂಕ, 33ರಿಂದ 39ಕ್ಕೆ 25, 40ರಿಂದ 44ಕ್ಕೆ 15. ಆಹ್ವಾನ ಬರುವ ಹೊತ್ತಿಗೆ 45 ತುಂಬಿದ್ದರೆ ಬಾಗಿಲೇ ಇಲ್ಲ. ನಲವತ್ತು ದಾಟಿದ ನನ್ನಂಥವನಿಗೆ ಇದು ಕಿರಿಕಿರಿ, ಆದರೆ ಇದರಲ್ಲಿ ತರ್ಕವಿದೆ. ತೆರಿಗೆ ಕಟ್ಟುವ ವರ್ಷಗಳು ಹೆಚ್ಚು ಸಿಗಲಿ ಎಂಬ ಲೆಕ್ಕ. ಸಂಗಾತಿಯ ಬಾಬತ್ತಿಗೆ ಬನ್ನಿ. ಒಂಟಿ ಅರ್ಜಿದಾರನಿಗೆ 10 ಅಂಕ. ಪಟ್ಟಿಯಲ್ಲಿರುವ ವೃತ್ತಿಯ, ಇಂಗ್ಲಿಷ್ ಪಾಸಾದ ಸಂಗಾತಿಯಿದ್ದರೂ 10. ಇಂಗ್ಲಿಷ್ ಒಂದೇ ಇದ್ದರೆ 5. ಎರಡೂ ಇಲ್ಲದ ಗೃಹಿಣಿಯನ್ನು ಮದುವೆಯಾಗಿದ್ದರೆ ಸೊನ್ನೆ. ಹೆರಿಗೆ, ಮಗು ಎಂದು ಕಳೆದ ಹತ್ತು ವರ್ಷದಲ್ಲಿ ನಾಲ್ಕು ವರ್ಷ ಮನೆಯಲ್ಲಿದ್ದ ಸಿಎ ಹೆಣ್ಣುಮಗಳಿಗೆ ವಿದೇಶದ ಅನುಭವದ ಲೆಕ್ಕದಲ್ಲಿ 10 ಅಂಕ. ಅವಳ ಜೊತೆಗೇ ಪಾಸಾಗಿ ಬಿಡುವಿಲ್ಲದೆ ದುಡಿದ ಗಂಡಸಿಗೆ 15. ಕಾಗದದ ಮೇಲೆ ಯಾರಿಗೂ ಪಕ್ಷಪಾತ ಮಾಡದ ನಿಯಮ ಇದು.

ಇನ್ನು ವೃತ್ತಿಗಳ ಪಟ್ಟಿ. ಯಾವ ವೃತ್ತಿಗೆ ಮಣೆ ಹಾಕುತ್ತೀರೋ ಆ ವೃತ್ತಿಯವರು ಹುಟ್ಟಿಕೊಳ್ಳುತ್ತಾರೆ. 2000ರ ದಶಕದಲ್ಲಿ ಬೇಡಿಕೆಯ ವೃತ್ತಿಗಳ ಪಟ್ಟಿಯಲ್ಲಿ ಅಡುಗೆ, ಕೇಶವಿನ್ಯಾಸ ಸೇರಿದವು. ಆ ಕೋರ್ಸುಗಳ ಖಾಸಗಿ ಕಾಲೇಜುಗಳು ಅಣಬೆಗಳಂತೆ ಎದ್ದವು. ನಮ್ಮ ದೇಶದ ಹುಡುಗರು ಹೊಲ ಅಡವಿಟ್ಟು ಫೀಸು ಕಟ್ಟಿ ಬಂದರು. 2010ರ ಫೆಬ್ರವರಿಯಲ್ಲಿ ಸರ್ಕಾರ ಆ ಪಟ್ಟಿಯನ್ನೇ ರದ್ದು ಮಾಡಿತು. ನಮ್ಮ ಅಕೌಂಟೆಂಟರ ಕತೆಯೂ ಬೇರೆಯಲ್ಲ. ಕನಿಷ್ಠ ಅಂಕ 65 ಎಂದಿದ್ದರೂ ಎಷ್ಟೋ ಸುತ್ತುಗಳಲ್ಲಿ ಅಕೌಂಟೆಂಟರಿಗೆ 80, 85 ಇಲ್ಲದೆ ಆಹ್ವಾನ ಬರುತ್ತಿರಲಿಲ್ಲ. ಲೆಕ್ಕಪತ್ರ ಓದಿ, ಇನ್ನೈದು ಅಂಕಕ್ಕಾಗಿ ಪ್ರೊಫೆಷನಲ್ ಇಯರ್ ಮಾಡಿ, ರಾತ್ರಿ ಟ್ಯಾಕ್ಸಿ ಓಡಿಸಿದವರು ಈ ಸಭೆಯಲ್ಲೂ ಕೆಲವರು ಇದ್ದೀರಿ.

ಅದೇ ಹೊತ್ತಿಗೆ ವೃದ್ಧಾಶ್ರಮದಲ್ಲಿ ಹಾಸಿಗೆ ಹಿಡಿದವರಿಗೆ ಸ್ನಾನ ಮಾಡಿಸಿ, ಊಟ ಮಾಡಿಸುವ ಆರೈಕೆದಾರರ ಕೆಲಸ 189ರ ಪಟ್ಟಿಯಲ್ಲೇ ಇಲ್ಲ. ಉದ್ಯೋಗದಾತರ ಒಪ್ಪಂದದ ಪಕ್ಕದ ಬಾಗಿಲಿನಿಂದ ಅವರು ಬರಬೇಕು. ಆಳಿನ ಕೊರತೆ ಎಲ್ಲಿದೆ ಎಂದು ಒಮ್ಮೆ ಯಾವುದಾದರೂ ವೃದ್ಧಾಶ್ರಮದ ರಾತ್ರಿ ಪಾಳಿಯನ್ನು ನೋಡಿ ಬಂದವರಿಗೆ ಗೊತ್ತು.

ನನಗೆ ನಿಜವಾಗಿ ಸಮಾಧಾನವಿಲ್ಲದ ಜಾಗ ಬೇರೆ. ಕೌಶಲದ ಅರ್ಜಿದಾರನನ್ನು ನೋಡುವಾಗ ಈ ವ್ಯವಸ್ಥೆ ಜಮಾ ಬದಿಯನ್ನು ಓದುತ್ತದೆ. ಅವನ ತಾಯಿಯನ್ನೋ ಅಂಗವಿಕಲ ಮಗುವನ್ನೋ ನೋಡುವಾಗ ಖರ್ಚಿನ ಬದಿಯನ್ನಷ್ಟೇ ಓದುತ್ತದೆ. ಒಂದೇ ಮನೆಗೆ ಎರಡು ಪುಸ್ತಕ. ಯಾವ ಆಡಿಟರೂ ಇದಕ್ಕೆ ಸಹಿ ಹಾಕುವುದಿಲ್ಲ.

ತಂದೆತಾಯಿಯರ ವೀಸಾ ನೋಡಿ. ದುಬಾರಿ ದಾರಿಯಲ್ಲಿ ತಲೆಗೆ 45,000 ಡಾಲರಿಗೂ ಮೇಲೆ, ಆಮೇಲೂ ವರ್ಷಗಟ್ಟಲೆ ಸರದಿ. ಅಗ್ಗದ ದಾರಿಯಲ್ಲಿ 30 ವರ್ಷಕ್ಕೂ ಹೆಚ್ಚು ಕಾಯಬೇಕು; ಎಪ್ಪತ್ತರ ಅಮ್ಮನಿಗೆ ಅದು ಉತ್ತರವೇ ಅಲ್ಲ. ಇದಕ್ಕೆ ಕಾರಣ ಕೊಡುವವರು 2016ರ ಪ್ರೊಡಕ್ಟಿವಿಟಿ ಕಮಿಷನ್ ವರದಿಯನ್ನು ಮುಂದಿಡುತ್ತಾರೆ. ವಲಸೆ ಬರುವ ಒಬ್ಬ ಪೋಷಕರಿಂದ ಅವರ ಜೀವಮಾನದಲ್ಲಿ ಸರ್ಕಾರದ ಮೇಲೆ ಬೀಳುವ ಭಾರ 3,35,000ದಿಂದ 4,10,000 ಡಾಲರ್ ಎಂದು ಅದರ ಅಂದಾಜು. ಆ ಅಂಕಿಯನ್ನು ನಾನು ಅಲ್ಲಗಳೆಯುವುದಿಲ್ಲ. ವಯಸ್ಸಾದವರಿಗೆ ಆಸ್ಪತ್ರೆ ಬೇಕು, ಆಸ್ಪತ್ರೆಗೆ ದುಡ್ಡು ಬೇಕು. ಆದರೆ ಎದುರು ಪುಟ ಎಲ್ಲಿ? ನನ್ನ ಕಕ್ಷಿದಾರರಲ್ಲಿ ಒಂದು ಸಂಸಾರವಿದೆ. ಅತ್ತೆ ವಿಸಿಟರ್ ವೀಸಾದಲ್ಲಿ ಬಂದಿದ್ದ ವರ್ಷ ಸೊಸೆ ಪೂರ್ತಿ ವಾರ ಕೆಲಸ ಮಾಡಿದಳು. ಅತ್ತೆ ಊರಿಗೆ ಮರಳಿದ ವರ್ಷ ಮೂರು ದಿನಕ್ಕೆ ಇಳಿಸಿಕೊಂಡಳು. ಎರಡೂ ರಿಟರ್ನುಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ತೆರಿಗೆ ಇಳಿದಿತ್ತು, ಮಕ್ಕಳ ಡೇಕೇರಿಗೆ ಸರ್ಕಾರ ಕೊಡುವ ಸಹಾಯಧನ ಏರಿತ್ತು. ಸೊಸೆ ಕಟ್ಟಿದ ಹೆಚ್ಚುವರಿ ತೆರಿಗೆ ಅತ್ತೆಯ ಹೆಸರಿನ ಖಾತೆಗೆ ಎಲ್ಲೂ ಜಮಾ ಆಗುವುದಿಲ್ಲ. ಒಂದು ಮನೆಯ ಲೆಕ್ಕದಿಂದ ದೇಶದ ಲೆಕ್ಕ ಹೇಳಲಾಗದು, ಒಪ್ಪುತ್ತೇನೆ. ಆದರೆ ಆ ಕಾಲಂ ಇರಲಿ ಎಂದು ಕೇಳಬಹುದಲ್ಲ.

ಆರೋಗ್ಯದ ನಿಯಮ ಇನ್ನೂ ಕಠಿಣ. 2024ರ ಜುಲೈನಿಂದ ಮಿತಿ 86,000 ಡಾಲರ್. ಸಂಸಾರದಲ್ಲಿ ಒಬ್ಬರ ಚಿಕಿತ್ಸೆ, ನೆರವಿನ ಅಂದಾಜು ಖರ್ಚು ಆ ಮಿತಿ ದಾಟಿದರೆ ಇಡೀ ಸಂಸಾರದ ಅರ್ಜಿ ಬೀಳುತ್ತದೆ. ಉದ್ಯೋಗದಾತರ ಮೂಲಕ ಬರುವ ಕೆಲವು ವೀಸಾಗಳಲ್ಲಿ ವಿನಾಯಿತಿ ಕೇಳಬಹುದು. 189ರಲ್ಲಿ ಅದೂ ಇಲ್ಲ. ಅಪ್ಪ ಎಂಜಿನಿಯರ್, ಅಮ್ಮ ನರ್ಸ್ ಆಗಿದ್ದು, ಇಬ್ಬರೂ ಕಟ್ಟುವ ತೆರಿಗೆ ಆ ಮೊತ್ತವನ್ನು ಕೆಲವೇ ವರ್ಷದಲ್ಲಿ ತೀರಿಸುವಂತಿದ್ದರೂ ಅದನ್ನು ಎದುರಿಗಿಟ್ಟು ತೂಗುವುದಿಲ್ಲ. ಅಪ್ಪ ಅಮ್ಮನಿಗೆ 90 ಅಂಕ ಬಂದಿರಬಹುದು. ಮಗುವಿನ ಖರ್ಚು ಒಂದೇ ಸಾಲು.

ಹಾಗಾದರೆ ಯಾರಿಗೆ ಮಣೆ? ನನ್ನ ಅಭಿಪ್ರಾಯದಲ್ಲಿ ಮೊದಲು ಇಲ್ಲಿ ಈಗಾಗಲೇ ವರ್ಷಗಳಿಂದ ದುಡಿಯುತ್ತಾ ತೆರಿಗೆ ಕಟ್ಟುತ್ತಿರುವ ತಾತ್ಕಾಲಿಕ ವೀಸಾದವರಿಗೆ, ವೃತ್ತಿ ಯಾವುದಾದರೂ ಸರಿ. ಅವರ ಬಗ್ಗೆ ಊಹೆ ಬೇಕಿಲ್ಲ, ದಾಖಲೆ ಇದೆ. ಕೆಲಸ ಕಳೆದುಕೊಂಡರೆ ಹೊಸ ಉದ್ಯೋಗದಾತರನ್ನು ಹುಡುಕಲು 60 ದಿನವಿದ್ದುದು 2024ರಲ್ಲಿ 180 ಆಯಿತು. ಒಳ್ಳೆಯದಾಯಿತು, ಹೆದರಿ ಸಂಬಳ ಕೇಳದೆ ಕೂರುವವರು ಸ್ವಲ್ಪ ಕಡಿಮೆಯಾದರು. ಎರಡನೆಯದಾಗಿ, ಅರ್ಜಿಯನ್ನು ಸಂಸಾರದ ಲೆಕ್ಕವಾಗಿ ಓದಲಿ, ಜಮಾ ಖರ್ಚು ಒಟ್ಟಿಗೆ. ಹಾಗೆ ಓದಿದ ಮೇಲೂ ಕೆಲವರಿಗೆ ಜಾಗ ಸಿಗದಿರಬಹುದು. ಅದನ್ನು ಒಪ್ಪಿಕೊಳ್ಳಲು ನಾನು ತಯಾರಿದ್ದೇನೆ.

ನಮ್ಮವರು ಕೆಲವರು ‘ನಾವು ಮೆರಿಟ್ ಮೇಲೆ ಬಂದವರು’ ಎಂದು ಹೇಳುವಾಗ ನನಗೆ ಸ್ವಲ್ಪ ಮುಜುಗರವಾಗುತ್ತದೆ. ನಾವು ಬಂದ ವರ್ಷದ ಪಟ್ಟಿಯಲ್ಲಿ ನಮ್ಮ ವೃತ್ತಿ ಇತ್ತು, ವಯಸ್ಸು ಸರಿಯಿತ್ತು, ಮನೆಯಲ್ಲಿ ಎಲ್ಲರ ಆರೋಗ್ಯ ನೆಟ್ಟಗಿತ್ತು. 2024ರಲ್ಲಿ ಅಂಕ ಪದ್ಧತಿಯನ್ನು ಬದಲಿಸುವ ಬಗ್ಗೆ ಇಲಾಖೆ ಚರ್ಚಾಪತ್ರ ಹೊರಡಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿತ್ತು. ಮುಂದೆ ಹೀಗೆ ಕೇಳಿದಾಗ ನಮ್ಮ ಕನ್ನಡ ಸಂಘಗಳ ಪತ್ರದಲ್ಲಿ ಐಟಿಯವರ ಅಂಕದ ಜೊತೆಗೆ ಆರೈಕೆದಾರರ ಹೆಸರೂ ಇರಲಿ, ಆ ಮಗುವಿನ ಸಾಲೂ ಇರಲಿ. ಕರಡು ಬರೆದುಕೊಡಲು ನಾನು ಸಿದ್ಧ, ಫೀಸಿಲ್ಲ.

ಈಗ ಪ್ರಶ್ನೆ ಕೇಳಿ. ಅಪ್ಪ ಅಮ್ಮನ ವೀಸಾಕ್ಕೆ ಇಡಬೇಕಾದ ಠೇವಣಿಯ ಬಗ್ಗೆ ಕೇಳುವವರು ಬಹಳ ಮಂದಿ ಇರುತ್ತೀರಿ, ಅದನ್ನು ಊಟದ ಹೊತ್ತಿಗೆ ಕೂತು ಮಾತಾಡೋಣ.