ಪಾದ್ರಿಗ್ ಓ ಕೊನರೆ: ಹಳ್ಳಿಯ ನುಡಿಯಲ್ಲಿ ಲಂಡನ್ನಿನ ಕತೆ



ಐರಿಷ್ ಭಾಷೆಯ ಕತೆಗಾರ ಓ ಕೊನರೆ 1882ರಲ್ಲಿ ಗಾಲ್ವೇ ಪಟ್ಟಣದಲ್ಲಿ ಹುಟ್ಟಿದರು. ಎಳವೆಯಲ್ಲೇ ತಂದೆತಾಯಿಯನ್ನು ಕಳೆದುಕೊಂಡು, ಐರಿಷ್ ಮನೆಮಾತಿನ ರೋಸ್‌ಮಕ್ ಹಳ್ಳಿಯಲ್ಲಿ ಬಂಧುಗಳ ಆಶ್ರಯದಲ್ಲಿ ಬೆಳೆದರು. ಮುಂದೆ ಲಂಡನ್ನಿನಲ್ಲಿ ಸರಕಾರಿ ನೌಕರಿ. ಹಗಲು ಇಂಗ್ಲಿಷ್ ಕಡತ, ಸಂಜೆ ಗೇಲಿಕ್ ಲೀಗಿನಲ್ಲಿ ಐರಿಷ್ ಪಾಠ.

ಐರಿಷ್ ಹೊಲಮನೆಯ ಮಾತಿಗಷ್ಟೇ ಸಾಕು ಎನ್ನುವವರಿದ್ದ ಕಾಲವದು. ಲಂಡನ್ನಿನಲ್ಲಿ ಮೋಟಾರು ಬಡಿದು ಒಂದು ಕೈ, ಒಂದು ಕಾಲು ಕಳೆದುಕೊಂಡ ವಲಸಿಗನ ಬವಣೆಯನ್ನು ಅವರು ಅದೇ ಮಾತಿನಲ್ಲಿ ಕಾದಂಬರಿಯಾಗಿಸಿದರು. ಅದೇ 1910ರ ‘ದ್ಯೋರಿಯಖ್ತ್’.

1914ರಲ್ಲಿ ತಾಯ್ನಾಡಿಗೆ ಮರಳಿ ಲೇಖನಿಯನ್ನೇ ನಂಬಿದರು. 1928ರಲ್ಲಿ ಡಬ್ಲಿನ್ನಿನ ಆಸ್ಪತ್ರೆಯಲ್ಲಿ ಬಡವರಾಗಿಯೇ ತೀರಿಕೊಂಡರು. 1935ರಲ್ಲಿ ಗಾಲ್ವೇಯಲ್ಲಿ ಅವರ ಪ್ರತಿಮೆ ನಿಂತಿತು. ಬದುಕಿದ್ದಾಗ ಪುಸ್ತಕ ಕೊಳ್ಳುವವರೇ ಸಾಲದಾಗಿದ್ದರು. ನಮ್ಮ ಪ್ರತಿ ಶಾಲೆಯ ಮಕ್ಕಳೂ ಈ ವರ್ಷ ಒಂದಾದರೂ ಕನ್ನಡ ಪುಸ್ತಕ ಕೊಂಡು ಓದುವಂತೆ ಮಾಡೋಣ.