ಹಳ್ಳಿಯ ಬೆಳೆ, ಪೇಟೆಯ ಬದುಕು



ಕೃಷಿಯ ಕುರಿತು ಪೇಟೆಯವರೊಂದಿಗೆ ಏನು ಮಾತು ಎಂದು ತಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ನಮ್ಮಲ್ಲಿ ಹೆಚ್ಚಿನವರಿಗೆ ಹೊಲವಿಲ್ಲ. ಅಂಗಡಿ, ಲಾರಿ, ಗ್ಯಾರೇಜು, ಹೊಲಿಗೆ, ಗುಜರಿ ಇವೇ ನಮ್ಮ ಜೀವನೋಪಾಯ. ಆದರೆ ಈ ಕಸುಬುಗಳಿಗೆ ಗಿರಾಕಿ ಯಾರು ಎಂದು ನಾವು ಕೇಳಿಕೊಂಡದ್ದು ಕಡಿಮೆ.

ಕರ್ನಾಟಕದ ಒಟ್ಟು ಉತ್ಪನ್ನದಲ್ಲಿ ಕೃಷಿ ಮತ್ತು ಅದಕ್ಕೆ ಸೇರಿದ ಕಸುಬುಗಳ ಪಾಲು ಸುಮಾರು ಶೇ. 15 ಮಾತ್ರ. ಇದನ್ನು ಮುಂದಿಟ್ಟು, ರಾಜ್ಯವನ್ನು ಸಾಕುತ್ತಿರುವುದು ಬೆಂಗಳೂರಿನ ಸಾಫ್ಟ್‌ವೇರ್ ಎನ್ನುವವರಿದ್ದಾರೆ. ತೆರಿಗೆಯ ಲೆಕ್ಕದಲ್ಲಿ ಅದು ತೀರಾ ಸುಳ್ಳೇನಲ್ಲ. ಆದರೆ 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ದುಡಿಯುವವರ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ರೈತರು ಅಥವಾ ಕೃಷಿ ಕೂಲಿಕಾರರು. ಅವರಲ್ಲಿ ಕೂಲಿಕಾರರ ಸಂಖ್ಯೆಯೇ ದೊಡ್ಡದು. ಸಣ್ಣ ಪಾಲಿನ ಆದಾಯವನ್ನು ಅಷ್ಟು ದೊಡ್ಡ ಜನಸಮೂಹ ಹಂಚಿಕೊಂಡು ಬದುಕುತ್ತಿದೆ. ನಮ್ಮ ಸಣ್ಣ ಪಟ್ಟಣಗಳ ವ್ಯಾಪಾರ ನಿಂತಿರುವುದು ಇದೇ ಜನರ ಕೈಯಲ್ಲಿರುವ ಕಾಸಿನ ಮೇಲೆ.

ರಾಮನಗರ, ಶಿಡ್ಲಘಟ್ಟ ಪಟ್ಟಣಗಳನ್ನೇ ನೋಡಿ. ದೇಶದಲ್ಲಿ ಅತಿ ಹೆಚ್ಚು ಕಚ್ಚಾ ರೇಷ್ಮೆ ಉತ್ಪಾದಿಸುವ ರಾಜ್ಯ ನಮ್ಮದು. ಹಿಪ್ಪುನೇರಳೆ ಬೆಳೆದು ಹುಳು ಸಾಕುವವನು ಹಳ್ಳಿಯ ರೈತ. ಹರಾಜಿನಲ್ಲಿ ಗೂಡು ಕೊಂಡು, ಬೇಯಿಸಿ ನೂಲು ತೆಗೆಯುವ ರೀಲರುಗಳಲ್ಲಿ ನಮ್ಮ ಸಮುದಾಯದವರು ಬಹಳ ಮಂದಿ. 2011ರ ಕೇಂದ್ರ ಬಜೆಟ್‌ನಲ್ಲಿ ಆಮದು ಕಚ್ಚಾ ರೇಷ್ಮೆಯ ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಲಾಯಿತು. ನೇಕಾರರಿಗೆ ಅಗ್ಗದ ನೂಲು ಸಿಗಲೆಂಬುದು ಉದ್ದೇಶ; ನೇಕಾರರ ಸಂಕಷ್ಟವೂ ನಿಜವೇ. ಆದರೆ ಗೂಡಿನ ಬೆಲೆ ನೆಲಕಚ್ಚಿತು, ರೈತರು ಬೀದಿಗಿಳಿದರು, ಕೆಲವರು ಹಿಪ್ಪುನೇರಳೆಯನ್ನೇ ಕಿತ್ತೆಸೆದರು. ಸುಂಕವನ್ನು ಶೇ. 15ಕ್ಕೆ ಏರಿಸಿದ್ದು 2013ರಲ್ಲಿ. ರೈತನು ಗೂಡು ಬೆಳೆಯುವುದನ್ನು ಬಿಟ್ಟರೆ ರೀಲರನ ಒಲೆ ಹೊತ್ತುವುದಿಲ್ಲ. ಆತನಲ್ಲಿ ದಿನಗೂಲಿಗೆ ದುಡಿಯುವ ಹೆಣ್ಣುಮಕ್ಕಳ ಮನೆಯ ಒಲೆಯೂ ಅಷ್ಟೇ. ಹೀಗಿದ್ದೂ ರೈತರ ಪ್ರತಿಭಟನೆಯನ್ನು ನಾವು ಪರರ ಗಲಾಟೆಯೆಂಬಂತೆ ನೋಡುತ್ತೇವೆ!

ಇನ್ನು ಮಳೆಯ ವಿಚಾರ. ರಾಜಸ್ಥಾನವನ್ನು ಬಿಟ್ಟರೆ ಅತ್ಯಧಿಕ ಒಣಭೂಮಿ ಇರುವುದು ಕರ್ನಾಟಕದಲ್ಲಿ. 2023ರಲ್ಲಿ ಮಳೆ ಕೈಕೊಟ್ಟಾಗ 236 ತಾಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಲಾಯಿತು. ರಾಜ್ಯವು 18,171 ಕೋಟಿ ರೂಪಾಯಿ ಪರಿಹಾರ ಕೇಳಿತು. ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಬಳಿಕ, 2024ರ ಎಪ್ರಿಲ್‌ನಲ್ಲಿ ಕೇಂದ್ರದಿಂದ ಬಂದದ್ದು ಸುಮಾರು 3,454 ಕೋಟಿ. ಒಕ್ಕೂಟ ವ್ಯವಸ್ಥೆಯಲ್ಲಿ ರಾಜ್ಯವೊಂದು ಬರ ಪರಿಹಾರಕ್ಕಾಗಿ ನ್ಯಾಯಾಲಯದ ಬಾಗಿಲು ಬಡಿಯಬೇಕಾದದ್ದು ನಾಚಿಕೆಗೇಡಿನ ಸಂಗತಿಯೆಂದೇ ನಾವು ಭಾವಿಸುತ್ತೇವೆ. ಪರಿಹಾರ ತಡವಾದಷ್ಟೂ ರೈತನ ಸಾಲ ಬೆಳೆಯುತ್ತದೆ, ಅಂಗಡಿಯವನ ಉದ್ರಿ ಪುಸ್ತಕ ದಪ್ಪವಾಗುತ್ತದೆ.

ಮತ ಕೇಳಲು ಬರುವವರೊಂದಿಗೆ ನಾವು ಖಬರಸ್ಥಾನದ ಆವರಣ ಗೋಡೆಯ ಬಗ್ಗೆ, ಶಾದಿಮಹಲಿನ ಬಗ್ಗೆ ಮಾತಾಡುತ್ತೇವೆ. ಅದು ಬೇಡವೆಂದು ನಾವು ಹೇಳುತ್ತಿಲ್ಲ. ಜೊತೆಗೆ ತಾಲೂಕಿನ ಕೆರೆಯ ಹೂಳು ತೆಗೆಸುವುದು ಎಂದು, ಗೂಡು ಮಾರುಕಟ್ಟೆಯಲ್ಲಿ ಬೆಲೆ ಬಿದ್ದರೆ ಸರಕಾರ ಮಾಡುವುದೇನು ಎಂದೂ ಕೇಳೋಣ. ರಾಗಿ ಖರೀದಿ ಕೇಂದ್ರ ತೆರೆಯುವಷ್ಟರಲ್ಲಿ ಬಡ ರೈತನು ಸಾಲಕ್ಕಂಜಿ ಫಸಲನ್ನು ದಲ್ಲಾಳಿಗೆ ಒಪ್ಪಿಸಿಬಿಟ್ಟಿದ್ದರೆ ಬೆಂಬಲ ಬೆಲೆಯ ಲಾಭ ಯಾರಿಗೆ? ಈ ಬಾರಿ ಕೇಂದ್ರ ಯಾವ ತಿಂಗಳಲ್ಲಿ ತೆರೆಯುತ್ತದೆ?