ಗುಂಗುರು ಕೂದಲಿಗೆ ಮೊದಲು ನೀರು, ಆಮೇಲೆ ಎಣ್ಣೆ



ಹೊಸೂರು, ಬಾಗಲೂರು, ಬೇರಿಗೆ, ತಳಿ, ಡೆಂಕಣಿಕೋಟೆ ಕಡೆಯ ನಮ್ಮ ಕನ್ನಡದ ಮನೆಗಳ ಮಕ್ಕಳು ಓದಿಗೆ, ದುಡಿಮೆಗೆ ಎಂದು ಬೆಂಗಳೂರಿಗೂ ಅಲ್ಲಿಂದ ಕಡಲಾಚೆಗೂ ಹೋಗುತ್ತಾರೆ. ಅಲ್ಲೇ ಮನಸ್ಸು ಕೂಡಿ ಮದುವೆಯಾಗಿ ಸಂಸಾರ ಹೂಡಿದವರೂ ಇದ್ದಾರೆ. ಅಳಿಯನೋ ಸೊಸೆಯೋ ಆಫ್ರಿಕಾ ಮೂಲದವರಾದರೆ, ಎರಡು ವರ್ಷದ ಮೊಮ್ಮಗುವಿನ ತಲೆಯ ತುಂಬ ಸಣ್ಣ ಸಣ್ಣ ಸುರುಳಿಗಳು. ಮುಟ್ಟಿದರೆ ಒಣಗಿದ ಹುಲ್ಲಿನಂತೆ ಒರಟು. ಬಾಚಣಿಗೆ ಹಿಡಿದರೆ ಮಗು ಮನೆ ಬಿಟ್ಟು ಓಡುತ್ತದೆ. ಇಂದು ನಾನು ನಿಮ್ಮೊಡನೆ ಮಾತಾಡಬೇಕೆಂದಿರುವುದು ಆ ಕೂದಲಿನ ಆರೈಕೆಯ ವಿಷಯ. ಮನೆಯಲ್ಲೇ ಹುಟ್ಟಿದ ಗುಂಗುರು ಕೂದಲಿನ ಮಕ್ಕಳಿಗೂ ಈ ಮಾತಿನಲ್ಲಿ ಬಹುಪಾಲು ಸಲ್ಲುತ್ತದೆ.

ಮೊದಲು ಒಂದು ಭಯವನ್ನು ಕಳೆದುಕೊಳ್ಳೋಣ. ಅದು ರೋಗವಲ್ಲ, ಪೋಷಣೆಯ ಕೊರತೆಯೂ ಅಲ್ಲ. ಕೂದಲು ಹುಟ್ಟುವ ಬೇರಿನ ಚೀಲ ನೆಟ್ಟಗಿದ್ದರೆ ಕೂದಲು ನೆಟ್ಟಗೆ ಬರುತ್ತದೆ, ಬಾಗಿದ್ದರೆ ಸುರುಳಿಯಾಗಿ ಬರುತ್ತದೆ. ನಮ್ಮೆಲ್ಲರ ನೆತ್ತಿಯಲ್ಲೂ ಒಂದು ಸಹಜವಾದ ಜಿಡ್ಡು ಒಸರುತ್ತದೆ. ನೇರ ಕೂದಲಿನಲ್ಲಿ ಅದು ಬುಡದಿಂದ ತುದಿಯವರೆಗೆ ಸುಲಭವಾಗಿ ಇಳಿಯುತ್ತದೆ. ಸುರುಳಿಯ ಮೆಟ್ಟಿಲುಗಳಲ್ಲಿ ಇಳಿಯಲಾರದೆ ಬುಡದಲ್ಲೇ ನಿಲ್ಲುತ್ತದೆ. ಆದ್ದರಿಂದ ನೆತ್ತಿ ಚೆನ್ನಾಗಿದ್ದರೂ ತುದಿ ಒಣಗಿರುತ್ತದೆ. ಹುಟ್ಟಿದಾಗ ನೇರವಾಗಿದ್ದ ಕೂದಲು ಒಂದೆರಡು ವರ್ಷದಲ್ಲಿ ಸುತ್ತಿಕೊಳ್ಳುವುದೂ ಉಂಟು. ಒಂದೇ ತಲೆಯಲ್ಲಿ ನೆತ್ತಿಯ ಮೇಲೆ ಬಿಗಿ ಸುರುಳಿ, ಹಿಂಗತ್ತಿನಲ್ಲಿ ಸಡಿಲ ಅಲೆ ಇರಬಹುದು. ಅಕ್ಕನ ಕೂದಲು ಒಂದು ಬಗೆ, ತಮ್ಮನದು ಇನ್ನೊಂದು ಬಗೆ ಆಗಬಹುದು. ಹಲವು ವಂಶವಾಹಿಗಳು ಸೇರಿ ಮಾಡುವ ಕೆಲಸ ಅದು.

ಹಾಗಾದರೆ ಒಣಗಿದ ಕೂದಲಿಗೆ ಎಣ್ಣೆ ಸುರಿದರಾಯಿತಲ್ಲ ಎನ್ನುತ್ತೀರಿ. ನಮ್ಮ ಅಜ್ಜಿಯರ ಕೈ ನೇರವಾಗಿ ಹರಳೆಣ್ಣೆಯ ಸೀಸೆಗೇ ಹೋಗುತ್ತದೆ. ಆದರೆ ಒಣ ಕೂದಲಿನ ಮೇಲೆ ಬರೀ ಎಣ್ಣೆ ಹಚ್ಚಿದರೆ ಜಿಡ್ಡಾಗುತ್ತದೆ, ಮೆತ್ತಗಾಗುವುದಿಲ್ಲ. ಕೂದಲನ್ನು ಮೆತ್ತಗೆ ಮಾಡುವುದು ನೀರು. ಆ ನೀರು ಬೇಗ ಆರಿಹೋಗದಂತೆ ಕಾಯುವುದು ಎಣ್ಣೆ. ಆದ್ದರಿಂದ ಈ ಒಂದು ಮಾತನ್ನು ನೆನಪಿಡಿ: ಮೊದಲು ನೀರು, ಆಮೇಲೆ ಎಣ್ಣೆ. ಬೆಳಿಗ್ಗೆ ಅಂಗೈ ಒದ್ದೆ ಮಾಡಿಕೊಂಡು ಕೂದಲಿಗೆ ತೇವ ಹಿಡಿಸಿ. ಆಮೇಲೆ ನಾಲ್ಕಾರು ಹನಿ ಕೊಬ್ಬರಿ ಎಣ್ಣೆಯನ್ನು ಕೈಯಲ್ಲಿ ಉಜ್ಜಿ, ತುದಿಯಿಂದ ಮೇಲಕ್ಕೆ ಸವರಿ. ಕೊಬ್ಬರಿ ಎಣ್ಣೆಯನ್ನೇ ಹೇಳಲು ಕಾರಣವಿದೆ. 2003ರಲ್ಲಿ ಮುಂಬೈಯ ಸಂಶೋಧಕರು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಮೂರನ್ನೂ ಹೋಲಿಸಿ ನೋಡಿದರು. ಕೂದಲಿನೊಳಕ್ಕೆ ಇಳಿದು, ಅದರ ಪ್ರೋಟೀನು ತೊಳೆದುಹೋಗುವುದನ್ನು ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಮಾತ್ರ. ಹರಳೆಣ್ಣೆ ಬಹಳ ಮಂದ. ಬೇಕಿದ್ದರೆ ಕೊಬ್ಬರಿ ಎಣ್ಣೆಗೆ ಸ್ವಲ್ಪ ಬೆರೆಸಿ. ಮಗುವಿನ ಕಿವಿಗೂ ಮೂಗಿಗೂ ಎಣ್ಣೆ ಬಿಡುವ ಹಳೆಯ ಪದ್ಧತಿ ಮಾತ್ರ ಬೇಡ.

ನೀರು ಎಂದೆನಲ್ಲ, ಯಾವ ನೀರು? ನಮ್ಮ ಕಡೆ ಇದು ದೊಡ್ಡ ಪ್ರಶ್ನೆ. ಹೊಸೂರು, ಕೃಷ್ಣಗಿರಿ ಸೀಮೆಯ ಎಷ್ಟೋ ಕೊಳವೆಬಾವಿಗಳ ನೀರು ಗಡಸು. ನೀರು ಕಾಯಿಸುವ ಹಂಡೆಯೊಳಗೆ ಬಿಳಿಯ ಪೊರೆ ಕಟ್ಟಿದ್ದರೆ, ಸೋಪು ನೊರೆ ಬಾರದೆ ತರಿತರಿಯಾದರೆ ಅದೇ ಗುರುತು. ಅದರಲ್ಲಿರುವ ಸುಣ್ಣದ ಅಂಶ ಸೋಪಿನೊಡನೆ ಸೇರಿ ಅಂಟಾಗಿ ಕೂದಲಿಗೆ ಮೆತ್ತಿಕೊಳ್ಳುತ್ತದೆ. ಸುರುಳಿ ಕೂದಲಿನಿಂದ ಅದನ್ನು ಬಿಡಿಸುವುದು ಕಷ್ಟ. ತಲೆಗೆ ಮೈಸೋಪು ಹಾಕಲೇಬೇಡಿ. ಹೊಗೇನಕಲ್ ಕುಡಿಯುವ ನೀರಿನ ಯೋಜನೆ 2013ರಲ್ಲಿ ಉದ್ಘಾಟನೆಯಾಯಿತು. ಆ ಹೊಳೆನೀರು ನಿಮ್ಮ ನಲ್ಲಿಗೆ ಬರುತ್ತಿದ್ದರೆ ಕೊನೆಯ ಎರಡು ಚೊಂಬು ಅದನ್ನೇ ಹಾಕಿ. ಇಲ್ಲದಿದ್ದರೆ ಕೊಳವೆಬಾವಿ ನೀರನ್ನು ಕುದಿಸಿ, ಆರಿಸಿ, ತಳದ ಗಸಿಯನ್ನು ಬಿಟ್ಟು ತಿಳಿಯನ್ನು ಬಗ್ಗಿಸಿಕೊಳ್ಳಿ. ಗಡಸು ಒಂದಿಷ್ಟು ಇಳಿಯುತ್ತದೆ. ಬಯಲಿನಲ್ಲಿ ಪಾತ್ರೆಯಿಟ್ಟು ಹಿಡಿದ ಮಳೆನೀರು ಸಿಕ್ಕರೆ ಇನ್ನೂ ಒಳ್ಳೆಯದು.

ಇಂಥ ಕೂದಲಿಗೆ ವಾರಕ್ಕೊಂದು ತಲೆಸ್ನಾನ ಸಾಕು. ದಿನವೂ ತೊಳೆದರೆ ಇರುವ ಜಿಡ್ಡೂ ಹೋಗುತ್ತದೆ. ಸೀಗೆಕಾಯಿ, ಅಂಟುವಾಳ, ನಾವು ಚುಜ್ಜಲು ಎನ್ನುವ, ತಮಿಳರು ಅರಪ್ಪು ಎನ್ನುವ ಪುಡಿ, ಇವೆಲ್ಲ ಎಣ್ಣೆ ತೆಗೆಯುವುದರಲ್ಲಿ ಗಟ್ಟಿಗರು. ಒಣ ಕೂದಲಿಗೆ ಅಷ್ಟು ಗಟ್ಟಿಗತನ ಬೇಡ. ಹಾಕಲೇಬೇಕೆಂದರೆ ಪುಡಿಯನ್ನು ನೆನೆಸಿ, ಬಟ್ಟೆಯಲ್ಲಿ ಸೋಸಿ, ತೆಳುವಾದ ನೀರನ್ನು ಮಾತ್ರ ಬಳಸಿ. ಪುಡಿಯನ್ನೇ ಹಚ್ಚಿದರೆ ಸುರುಳಿಯ ಸಂದುಗಳಲ್ಲಿ ಕೂತು ಎರಡು ದಿನವಾದರೂ ಉದುರುತ್ತಿರುತ್ತದೆ, ಕಣ್ಣಿಗೆ ಬಿದ್ದರೆ ಉರಿ ಬೇರೆ. ದಾಸವಾಳದ ಎಲೆಯನ್ನು ನೀರಿನಲ್ಲಿ ಕಿವುಚಿದರೆ ಬರುವ ಲೋಳೆ ಈ ಕೂದಲಿಗೆ ಬಹಳ ಹಿತ. ಅಂಗಡಿಯ ಕಂಡೀಷನರ್ ಮಾಡುವುದೂ ಇದೇ ಕೆಲಸವನ್ನೇ: ಎಳೆಗಳು ಒಂದಕ್ಕೊಂದು ಉಜ್ಜದೆ ಜಾರುವಂತೆ ಮಾಡುತ್ತದೆ.

ಸಿಕ್ಕು ಬಿಡಿಸುವುದು ಆ ಲೋಳೆ ಇರುವಾಗಲೇ. ಒಣಗಿದ ಮೇಲೆ ಬಾಚಿದರೆ ಕೂದಲು ತುಂಡಾಗುತ್ತದೆ, ಮಗುವೂ ಅಳುತ್ತದೆ. ತಲೆಯನ್ನು ನಾಲ್ಕು ಭಾಗ ಮಾಡಿ, ಮೂರನ್ನು ಸಡಿಲವಾಗಿ ಕಟ್ಟಿಡಿ. ಒಂದನ್ನು ಕೈಗೆ ತೆಗೆದುಕೊಂಡು ಮೊದಲು ಬೆರಳಿನಿಂದ, ಆಮೇಲೆ ಅಗಲ ಹಲ್ಲಿನ ಬಾಚಣಿಗೆಯಿಂದ ಬಿಡಿಸಿ. ತುದಿಯಿಂದ ಶುರುಮಾಡಿ ಬುಡಕ್ಕೆ ಬನ್ನಿ. ಬುಡವನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡರೆ ನೆತ್ತಿಗೆ ಎಳೆತ ತಟ್ಟುವುದಿಲ್ಲ. ಸಣ್ಣ ಹಲ್ಲಿನ ಹೇನು ಬಾಚಣಿಗೆಯನ್ನು ಹೇನಾದಾಗ ಮಾತ್ರ ಹೊರಗೆ ತೆಗೆಯಿರಿ. ಅರ್ಧ ಗಂಟೆ ಹಿಡಿಯುತ್ತದೆ, ಒಪ್ಪಿದೆ. ಅಷ್ಟು ಹೊತ್ತು ಒಂದು ಕಥೆ ಹೇಳಿ. ತಲೆ ಒರೆಸಲು ಒರಟು ಟವೆಲ್ಲಿಗಿಂತ ಹಳೆಯ ಹತ್ತಿ ಪಂಚೆ ಮೇಲು.

ರಾತ್ರಿ ದಿಂಬಿನ ಹತ್ತಿಬಟ್ಟೆ ತೇವವನ್ನು ಹೀರುತ್ತದೆ, ಕೂದಲನ್ನು ಉಜ್ಜುತ್ತದೆ. ಇದಕ್ಕೆ ಮದ್ದು ರೇಷ್ಮೆ. ಹಿಪ್ಪುನೇರಳೆ ಬೆಳೆದು ಗೂಡು ಮಾರುವ ಸೀಮೆ ನಮ್ಮದು. ರೇಷ್ಮೆ ತಳಿಗಳನ್ನು ಕಾಪಿಡುವ ಕೇಂದ್ರ ಸರ್ಕಾರದ ಸಂಸ್ಥೆಯೇ ಹೊಸೂರಿನಲ್ಲಿದೆ. ಪೆಟ್ಟಿಗೆಯಲ್ಲಿ ಮಡಿಕೆ ಬಿಟ್ಟ ಹಳೆಯ ರೇಷ್ಮೆ ಸೀರೆಯಿದ್ದರೆ, ಜರಿಯಿಲ್ಲದ ಒಡಲಿನಿಂದ ಒಂದು ದಿಂಬಿನ ಚೀಲ ಹೊಲಿಯಿರಿ.

ಜಡೆ ಹಾಕಬಹುದು, ಆದರೆ ಬಿಗಿಯಾಗಿ ಬೇಡ. ಹುಬ್ಬು ಮೇಲಕ್ಕೆ ಏಳುವಷ್ಟು ಎಳೆದು ಕಟ್ಟುತ್ತಾ ಬಂದರೆ ಹಣೆಯ ಅಂಚಿನ ಕೂದಲು ಉದುರಿ, ಕೊನೆಗೆ ಮತ್ತೆ ಬಾರದೆಯೂ ಹೋಗಬಹುದು. ಇನ್ನು ಮುಡಿಯ ಮಾತು. ದೇವರಿಗೆ ಹರಕೆಯಿದ್ದರೆ ಮುಡಿ ಕೊಡಿ, ಹೊಸ ಬ್ಲೇಡನ್ನೇ ಬಳಸಲು ಹೇಳಿ. ಆದರೆ ಎರಡು ಸಲ ಬೋಳಿಸಿದರೆ ಕೂದಲು ನೇರವಾಗಿ ಬರುತ್ತದೆ ಎಂಬ ಮಾತನ್ನು ನಂಬಬೇಡಿ. ಕತ್ತಿ ಮುಟ್ಟುವುದು ಚರ್ಮದ ಮೇಲಿನ ಕೂದಲನ್ನು. ಸುರುಳಿಯನ್ನು ನಿರ್ಧರಿಸುವ ಬೇರು ಚರ್ಮದ ಕೆಳಗಿದೆ.

ಕೂದಲು ನೇರ ಮಾಡುವ ಔಷಧಿಗಳನ್ನಂತೂ ಚಿಕ್ಕ ಮಕ್ಕಳ ತಲೆಯ ಹತ್ತಿರ ತರಬೇಡಿ. ಅವುಗಳಲ್ಲಿ ಕೆಲವಕ್ಕೆ ಸೋಪು ಮಾಡಲು ಬಳಸುವ ಕಾಸ್ಟಿಕ್ ಸೋಡವನ್ನೇ ಹಾಕಿರುತ್ತಾರೆ. ನೆತ್ತಿ ಸುಡುತ್ತದೆ. ಅಮೆರಿಕದಲ್ಲಿ 33 ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಹಲವು ವರ್ಷ ಗಮನಿಸಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಇಂಥ ಔಷಧಿಗಳನ್ನು ಪದೇಪದೇ ಬಳಸಿದವರಲ್ಲಿ ಗರ್ಭಕೋಶದ ಕ್ಯಾನ್ಸರು ಹೆಚ್ಚಾಗಿ ಕಂಡಿತು. ಇನ್ನೊಂದು ಎಚ್ಚರಿಕೆ: ತಲೆಯಲ್ಲಿ ದುಂಡಗೆ ಕೂದಲು ಉದುರಿ ಹೊಟ್ಟೆದ್ದಿದ್ದರೆ, ಕೀವು ಕಂಡರೆ, ಅದು ಬರೀ ಒಣಗಿದ್ದಲ್ಲ, ಹುಳುಕಡ್ಡಿ ಇರಬಹುದು. ಅದು ಎಣ್ಣೆಗೆ ಹೋಗುವುದಿಲ್ಲ, ಹೊಟ್ಟೆಗೆ ಕೊಡುವ ಮಾತ್ರೆಯೋ ಔಷಧಿಯೋ ಬೇಕು. ವೈದ್ಯರಿಗೆ ತೋರಿಸಿ.

ಕೊನೆಯದಾಗಿ, ಎಣ್ಣೆಗಿಂತ ಆಳಕ್ಕೆ ಇಳಿಯುವ ವಸ್ತು ಒಂದಿದೆ, ಮಾತು. ‘ಅಯ್ಯೋ, ಈ ಕೂದಲು ಯಾರಿಂದ ಬಂತೋ’, ‘ಬಾಚೇ ಇಲ್ಲವೇನಮ್ಮಾ’ ಎಂದು ಬಸ್ಸಿನಲ್ಲಿ ಕೂತವರು ತಾಯಿಯನ್ನು ಕೇಳುತ್ತಾರೆ. ಕೇಳದೆಯೇ ಮಗುವಿನ ತಲೆಗೆ ಕೈ ಹಾಕುತ್ತಾರೆ. ಎರಡು ವರ್ಷದ ಮಗು ಉತ್ತರ ಕೊಡಲಾರದು, ಆದರೆ ಕೇಳಿಸಿಕೊಳ್ಳುತ್ತದೆ. ತನ್ನ ತಲೆಯ ಮೇಲಿರುವುದು ಯಾರಿಗೂ ಬೇಡದ ವಸ್ತು ಎಂದು ಕಲಿಯುತ್ತದೆ. ಆ ಪಾಠವನ್ನು ಮರೆಸುವುದು ಸಿಕ್ಕು ಬಿಡಿಸಿದಷ್ಟು ಸುಲಭವಲ್ಲ.

ಗುಂಗುರು ಕೂದಲು ಈ ನೆಲಕ್ಕೆ ಹೊಸದೇನೂ ಅಲ್ಲ. ಹತ್ತನೆಯ ಶತಮಾನದಲ್ಲಿ ಚಾವುಂಡರಾಯ ಮಾಡಿಸಿದ ಶ್ರವಣಬೆಳಗೊಳದ ಗೊಮ್ಮಟನನ್ನು ತಲೆಯೆತ್ತಿ ನೋಡಿ. ಕೂದಲೆಲ್ಲ ಸುರುಳಿ ಸುರುಳಿ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ತಲೆಮಾರುಗಳಿಂದ ಬಾಳುತ್ತಿರುವ ಸಿದ್ದಿಯರ ಪೂರ್ವಜರು ಆಫ್ರಿಕಾದವರು. ಅವರು ಆಡುವುದು ಕನ್ನಡ, ಕೊಂಕಣಿ. 2020ರಲ್ಲಿ ಶಾಂತಾರಾಮ ಸಿದ್ದಿಯವರು ಕರ್ನಾಟಕದ ವಿಧಾನ ಪರಿಷತ್ತಿನ ಸದಸ್ಯರಾದರು. ಮಗುವಿಗೆ ಅರಿವು ಬಂದಾಗ ಇವನ್ನೆಲ್ಲ ಹೇಳಿ, ಚಿತ್ರ ತೋರಿಸಿ.

ಮೂರು ಭಾಷೆ ಕೂಡಿ ಬಾಳುವ ಊರುಗಳು ನಮ್ಮವು. ಈ ಕೂದಲಿಗೆ ನಾವು ಗುಂಗುರು ಎನ್ನುತ್ತೇವೆ, ತಮಿಳಿನವರು ಸುರುಟ್ಟೈ ಎನ್ನುತ್ತಾರೆ. ತೆಲುಗಿನವರು ಹೇಳುವುದು ಉಂಗರಾಲ ಜುಟ್ಟು, ಅಂದರೆ ಉಂಗುರಗಳ ಕೂದಲು. ಮೂರರಲ್ಲಿ ಒಂದೂ ಬೈಗುಳವಲ್ಲ. ದಾರಿಯಲ್ಲಿ ಯಾರಾದರೂ ಕೇಳಿದರೆ ಮಗುವಿನ ಮುಂದೆಯೇ, ಮಗುವಿಗೆ ಕೇಳಿಸುವಂತೆ ಹೇಳಿ: ‘ಇದು ಇವಳ ಅಪ್ಪನ ಮನೆಯ ಕೂದಲು, ನಮಗೆ ಬಹಳ ಇಷ್ಟ.’